ಹೆಂಗಸರ ವಿಭಾಗದಲ್ಲಿಲ್ಲದ ಕಸುಬು

ತೊಂಬತ್ತರ ದಶಕದ ಕೊನೆಯಲ್ಲಿ ಮೊಳಕಾಲ್ಮೂರಿನಲ್ಲಿ ನಮ್ಮಣ್ಣನದೊಂದು ಮೋಟಾರ್ ವೈಂಡಿಂಗ್ ಅಂಗಡಿಯಿತ್ತು. ವೋಲ್ಟೇಜ್ ಏರಿಳಿದು ಸುಟ್ಟುಹೋದ ಬೋರ್‌ವೆಲ್ ಪಂಪುಗಳು ಅಲ್ಲಿಗೆ ಬರುತ್ತಿದ್ದವು. ಕಪ್ಪಾದ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವ ಕೆಲಸ ಅರ್ಧಕ್ಕರ್ಧ ಅತ್ತಿಗೆಯದೇ. ಕಾಮಾಲೆಯಾಗಿ ಅಣ್ಣ ತೀರಿಕೊಂಡ ಮೇಲೆ ಅವಳೇ ಬಾಗಿಲು ತೆರೆದು ಕೂತಳು. ಯಾರೂ ಬರಲಿಲ್ಲ. ಪರಿಚಯದ ರೈತರೇ ಟ್ರ್ಯಾಕ್ಟರಿನಲ್ಲಿ ಮೋಟಾರು ಹೇರಿಕೊಂಡು, ನಮ್ಮ ಅಂಗಡಿ ದಾಟಿ ಚಳ್ಳಕೆರೆಗೆ ಹೋಗುತ್ತಿದ್ದರು.

"ಸರ್ಕಾರದ ಸರ್ಟಿಫಿಕೇಟು ಗೋಡೆಗೆ ತೂಗುಹಾಕಿದ್ರೆ ನಂಬ್ತಾರೇನೋ ಕಣೆ," ಅಂತ ಅತ್ತಿಗೆ ನನ್ನ ಹತ್ತಿರ ಅಂದಳು.

ಆಗ ಕಾಲೇಜು ಓದುತ್ತಿದ್ದ ನಾನು ಅವಳನ್ನು ಚಳ್ಳಕೆರೆಯ ತರಬೇತಿ ಕಚೇರಿಗೆ ಕರೆದುಕೊಂಡು ಹೋದೆ. ಅಧಿಕಾರಿ ಒಳ್ಳೆಯವರೇ, ಕೂರಿಸಿ ಮಾತಾಡಿಸಿದರು.

"ಬೇಡಿಕೆ ಇರೋ ಕಸುಬು ಯಾವುದು ಅಂತ ಮೇಲಿನೋರು ಗೊತ್ತು ಮಾಡಿರ್ತಾರಮ್ಮ. ಹೆಣ್ಮಕ್ಕಳಿಗೆ ಹೊಲಿಗೆ. ವೈಂಡಿಂಗ್ ಗಂಡಸರ ವಿಭಾಗದಲ್ಲಿ ಬರುತ್ತೆ."

"ನಮ್ಮ ಕಡೆ ದಿನಾ ಮೋಟ್ರು ಸುಡ್ತಾವೆ ಸಾರ್. ಅದು ಬೇಡಿಕೆ ಅಲ್ವೇನ್ರಿ?"

"ಇರಬಹುದು. ಹೆಂಗಸರು ಯಾರೂ ಅದನ್ನ ಕೇಳಿಲ್ವಲ್ಲ."

"ನಾನು ಕೇಳ್ತಾ ಇದೀನಲ್ರಿ."

ಅವರು ನನ್ನ ಮುಖ ನೋಡಿದರು, ನಾನಾದರೂ ತಿಳಿಹೇಳಲಿ ಎಂಬಂತೆ.

ಬರಿಗೈಯಲ್ಲಿ ಹೋಗುವುದು ಬೇಡವೆಂದು ಅತ್ತಿಗೆ ಹೊಲಿಗೆಗೇ ಸೇರಿದಳು. ನಮ್ಮ ಬೀದಿಯ ಹೆಂಗಸರೆಲ್ಲ ಅದನ್ನೇ ಕಲಿಯುತ್ತಿದ್ದರು. ತರಬೇತಿ ಮುಗಿಯುವ ಹೊತ್ತಿಗೆ ಮನೆಮನೆಯಲ್ಲೂ ಹೊಲಿಗೆ ಯಂತ್ರ. ಹಬ್ಬಕ್ಕೊಂದು ರವಿಕೆ ಹೊಲಿಸಲು ಬರುವವರು ಯಾರ ಮನೆಗೆಂದು ಹೋಗಬೇಕು? ಅವಳ ಯಂತ್ರದ ಮೇಲೆ ಮಡಚಿದ ಬಟ್ಟೆ ಪೇರಿಸಿಡುವುದು ರೂಢಿಯಾಯಿತು.

ಮುಂದೆ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ಯುವಕ ವೈಂಡಿಂಗ್ ಅಂಗಡಿ ತೆರೆದ. ಅದೇ ಕಸುಬಿನಲ್ಲಿ ಸರ್ಕಾರದ ತರಬೇತಿ ಮುಗಿಸಿದ್ದವನು. ಅಣ್ಣನ ಸಾಮಾನು ಕೊಳ್ಳಲು ಬಂದಾಗ ಅತ್ತಿಗೆ ಅವುಗಳ ಬಳಕೆ ವಿವರಿಸಿದ್ದನ್ನು ಕೇಳಿ, ಅವಳಿಗೆ ಕೆಲಸ ಎಷ್ಟು ಗೊತ್ತೆಂದು ಅವನಿಗೆ ತಿಳಿಯಿತು.

"ಅಕ್ಕಾ, ನೀವೂ ಬರ್ರಿ. ಆದ್ರೆ ಒಳಗಡೆ ಕೂತ್ಕಂಡು ಮಾಡ್ಬೇಕು. ಹೆಂಗಸರು ಸುತ್ತಿದ್ದು ಅಂದ್ರೆ ಗಿರಾಕಿ ನಿಲ್ಲಲ್ಲ."

ಅವಳು ಹೋದಳು. ಪರದೆಯ ಹಿಂದಿನ ಕಿಟಕಿಯಿಲ್ಲದ ಕೋಣೆ, ವಾರ್ನಿಷ್ ವಾಸನೆ, ಕೈಯಾಳಿನ ಕೂಲಿ. ಹೀಗೆ ವರ್ಷಗಳು ಕಳೆದವು.

ಒಮ್ಮೆ ಅವಳನ್ನು ನೋಡಲು ಹೋಗಿದ್ದಾಗ ಪರದೆಯಾಚೆ ಒಬ್ಬ ರೈತನ ದನಿ ಕೇಳಿತು: "ನೀನು ಸುತ್ತಿದ್ದು ಮೂರು ಬೇಸಿಗೆ ಆದ್ರೂ ಸುಟ್ಟಿಲ್ಲ ಕಣಪ್ಪ. ನಿನ್ನ ಕೈ ಚೆನ್ನಾಗೈತೆ."

ನಾನು ಅತ್ತಿಗೆಯ ಕಡೆ ತಿರುಗಿದೆ. ಅವಳು ತಂತಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಮಾತಾಡಬೇಡವೆಂದು ಕಣ್ಣಲ್ಲೇ ಹೇಳಿದಳು.