ಹನ್ನೊಂದು ದಿನದ ಹೂಂ

“ಅಮ್ಮ, ಅತ್ತೆಗೆ ಕತ್ತು ನೋವಾ?” ಎಂದು ಮಗಳು ಶನಿವಾರ ಬೆಳಿಗ್ಗೆ ಕೇಳಿದಳು. ನಾನು ಅವಳಿಗೆ ಜಡೆ ಹಾಕುತ್ತಿದ್ದೆ. ಯಾಕೆ ಎಂದೆ. ತಾನು ಮೊಲದ ಕತೆಯನ್ನು ಪೂರ್ತಿ ಹೇಳಿದರೂ ಅತ್ತೆ ಒಂದು ಸಲವೂ ತಲೆ ಆಡಿಸಲಿಲ್ಲವಂತೆ. ಹೂಂ ಕೂಡ ಅನ್ನಲಿಲ್ಲವಂತೆ. ಕತೆ ಮುಗಿದ ಮೇಲೆ, ಮೊಲ ಬಾಗಿಲು ಹಾಕಿಕೊಂಡಿತು ಅಂದೆಯಲ್ಲ, ಹಾಗಾದರೆ ನರಿ ಒಳಗೆ ಬಂದದ್ದು ಎಲ್ಲಿಂದ ಎಂದು ಕೇಳಿದರಂತೆ. ಮಗಳಿಗೆ ಅದು ಗೊತ್ತಿರಲಿಲ್ಲ. ಐದು ವರ್ಷದ ಬಾಳಿನಲ್ಲಿ ಅವಳ ಕತೆಗೆ ಇಂಥ ಅವಮಾನ ಆಗಿರಲಿಲ್ಲ.

ಕತ್ತು ನೋವಲ್ಲ. ಏನೆಂದು ನನಗೆ ಗುರುವಾರವೇ ತಿಳಿದಿತ್ತು. ಮಗಳಿಗೆ ಎಲ್ಲಿಂದ ಶುರುಮಾಡಿ ಹೇಳಬೇಕೋ ತೋಚಲಿಲ್ಲ. ಇಲ್ಲಿ ಬರೆದಿಡುತ್ತೇನೆ, ದೊಡ್ಡವಳಾದ ಮೇಲೆ ಓದಿಕೊಳ್ಳಲಿ.

ಅವಳ ಅತ್ತೆ ಎಂದರೆ ನಮ್ಮವರ ಅಕ್ಕ, ನನಗೆ ಅತ್ತಿಗೆ. ನಮ್ಮ ಮನೆಯ ಮಹಡಿಯ ಎರಡು ಕೋಣೆಗಳಲ್ಲಿ ಒಬ್ಬರೇ ಇದ್ದಾರೆ. ವಯಸ್ಸು ನಲವತ್ತನಾಲ್ಕು. ಮದುವೆಯ ಮಾತೆತ್ತಿದವರಿಗೆಲ್ಲ “ಸ್ಟಾಕ್ ಇಲ್ಲ” ಎಂದು ಹೇಳಿ ಹೇಳಿ, ಈಗ ಯಾರೂ ಆ ಮಾತು ಎತ್ತುವುದಿಲ್ಲ. ಹತ್ತೊಂಬತ್ತು ವರ್ಷ ಅವರು ಬನಿಯನ್ ಹೆಣೆಯುವ ಮಿಲ್ಲೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದರು. ಸೂಜಿ, ಬೆಲ್ಟು, ಬೇರಿಂಗು, ಬಲ್ಬು. ಚೀಟಿ ಇಲ್ಲದೆ ಒಂದು ಸ್ಕ್ರೂ ಕೂಡ ಹೊರಗೆ ಹೋಗುವಂತಿರಲಿಲ್ಲ. ಒಮ್ಮೆ ಮಿಲ್ಲಿನ ಮಾಲೀಕರೇ ತಮ್ಮ ಕೋಣೆಗೆ ಬಲ್ಬು ಕೇಳಿಕೊಂಡು ಬಂದು, ಚೀಟಿ ಬರೆಯಲು ಮನಸ್ಸಾಗದೆ, ಆ ಸಂಜೆಯನ್ನು ಕತ್ತಲಲ್ಲೇ ಕಳೆದರಂತೆ. ಮಿಲ್ಲು ಮುಚ್ಚಿದ ದಿನ ಅತ್ತಿಗೆ ಕೀಲಿಗೊಂಚಲು ಒಪ್ಪಿಸಿ ರಸೀದಿ ಕೇಳಿದರು. ರಸೀದಿ ಕೊಡಬೇಕಾದ ಗುಮಾಸ್ತರನ್ನು ಅಂದು ಬೆಳಿಗ್ಗೆಯೇ ಮನೆಗೆ ಕಳಿಸಿದ್ದರು. ಅತ್ತಿಗೆ ತಾವೇ ರಸೀದಿ ಬರೆದು, ತಾವೇ ಸಹಿ ಹಾಕಿ ಇಟ್ಟುಕೊಂಡರು. ಅದು ಈಗಲೂ ಅವರ ಹತ್ತಿರ ಇದೆ.

ನಾನು ಹೆರಿಗೆಯಾಗಿ ಮನೆಗೆ ಬಂದಾಗ ಆಸ್ಪತ್ರೆಯಲ್ಲಿ ನರ್ಸ್ ಹೇಳಿಕೊಟ್ಟದ್ದು ಒಂದೂ ತಲೆಯಲ್ಲಿ ಉಳಿದಿರಲಿಲ್ಲ. ಅಲ್ಲಿ ಎಲ್ಲದಕ್ಕೂ ಹೂಂ ಹೂಂ ಅಂದು, ಇಲ್ಲಿ ಬಂದು ಮಗುವನ್ನು ಹಿಡಿದುಕೊಂಡು ಅಳುತ್ತ ಕೂತೆ. ಅತ್ತಿಗೆ ಕಪಾಟಿನ ಹಲಗೆಗಳಿಗೆ ಒಂದೊಂದು ಕಾರ್ಡು ಅಂಟಿಸಿದರು. ಒಣಗಿದ ಬಟ್ಟೆ ಇಲ್ಲಿ, ಒದ್ದೆ ಬಟ್ಟೆ ಬಕೆಟ್ಟಿಗೆ. ಕೊನೆಯ ಕಾರ್ಡಿನಲ್ಲಿ ‘ಮೈ ಬಿಸಿಯಾದರೆ: ಮೊದಲು ಥರ್ಮಾಮೀಟರ್, ಆಮೇಲೆ ಅಳು’ ಎಂದಿತ್ತು. ಅದನ್ನು ನಾನು ಇನ್ನೂ ಕಿತ್ತಿಲ್ಲ.

ಮಿಲ್ಲು ಹೋದ ಮೇಲೆ ಅವರು ಕಂಪ್ಯೂಟರ್ ತರಗತಿಗೆ ಸೇರಿದರು. ತಮಗಿಂತ ಇಪ್ಪತ್ತು ವರ್ಷ ಚಿಕ್ಕವರ ನಡುವೆ ಮೊದಲ ಬೆಂಚಿನಲ್ಲಿ ಕೂತು, ಎರಡನೇ ಸಲಕ್ಕೆ ಪರೀಕ್ಷೆ ಪಾಸು ಮಾಡಿ, ಈ ವರ್ಷ ಒಂದು ಸಣ್ಣ ಕಂಪನಿಗೆ ಹೋದರು. ಮೊದಲ ಮೂರು ತಿಂಗಳು ನೋಡುತ್ತಾರೆ. ಒಪ್ಪಿಗೆಯಾದರೆ ಕಾಯಂ, ಇಲ್ಲವಾದರೆ ನಮಸ್ಕಾರ. ನಲವತ್ತನಾಲ್ಕರಲ್ಲಿ ಇನ್ನೊಂದು ಕಡೆ ಯಾರೂ ಕರೆಯುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಆದ್ದರಿಂದ ಮನೆಯಲ್ಲಿ ಆ ವಿಷಯ ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದೆವು.

ಚಿಕ್ಕಪುಟ್ಟ ಕ್ಲಿನಿಕ್ಕುಗಳು ತೆಗೆದ ಎಕ್ಸ್‌ರೇ ಚಿತ್ರಗಳನ್ನು ಜೋಪಾನವಾಗಿ ಇಟ್ಟುಕೊಡುವುದು ಆ ಕಂಪನಿಯ ಕೆಲಸ. ಇಡುವುದು ಎಲ್ಲೋ ದೂರದಲ್ಲಿರುವ ಬಾಡಿಗೆ ಸರ್ವರ್‌ಗಳಲ್ಲಿ. ಅದಕ್ಕೆ ಕ್ಲೌಡ್ ಎನ್ನುತ್ತಾರೆ. ಅತ್ತಿಗೆಯ ಪಾಲಿಗೆ ಬಂದದ್ದು ಆ ಸರ್ವರ್‌ಗಳ ಡಿಸ್ಕ್. ವಾರದಲ್ಲಿ ಮೂರು ದಿನ ಅವರು ನಮ್ಮ ಊಟದ ಮೇಜಿನ ಮೇಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಾರೆ, ಮಹಡಿಯಲ್ಲಿ ನೆಟ್ ಸರಿಯಾಗಿ ಸಿಗುವುದಿಲ್ಲ. ಅಲ್ಲೇ ಒಂದು ದಿನ ನನಗೆ ತಮ್ಮ ಕೆಲಸ ವಿವರಿಸಿದರು.

“ಟಿಕೆಟ್ ಕೊಡೋ ಜಾಗ ಅಂದ್ಕೋ. ಬೆಳಿಗ್ಗೆ ಸಾಲು ಉದ್ದ ಆದ್ರೆ ಹೊಸ ಕೌಂಟರ್ ತೆಗೀತಾರೆ, ಮಧ್ಯಾಹ್ನ ಜನ ಕಮ್ಮಿ ಆದ್ರೆ ಮುಚ್ತಾರೆ. ಇಲ್ಲಿ ತೆಗೆಯೋಕೆ, ಮುಚ್ಚೋಕೆ ಮನುಷ್ಯರಿಲ್ಲ, ತನ್ನಷ್ಟಕ್ಕೆ ತಾನೇ ಆಗುತ್ತೆ. ಕೌಂಟರ್ ಅಂದ್ರೆ ಸರ್ವರ್. ಅದರ ಡ್ರಾಯರ್ ಅಂದ್ರೆ ಡಿಸ್ಕ್. ಕೌಂಟರ್ ಮುಚ್ಚಿ ಮೇಜು ಎತ್ಕೊಂಡು ಹೋಗುವಾಗ ಡ್ರಾಯರೂ ಹೋಗ್ಬೇಕಾ, ಇರ್ಬೇಕಾ? ಅದನ್ನ ಮೊದಲೇ ಬರೆದಿಡೋದು ನನ್ನ ಕೆಲಸ.”

ನಾನು ತಲೆ ಆಡಿಸಿದೆ. ಆ ದಿನ ನಿಜವಾಗಿಯೂ ಅರ್ಥವಾಗಿತ್ತು.

ಕ್ಲಿನಿಕ್ಕಿನಿಂದ ಬಂದ ಚಿತ್ರ ಮೊದಲು ಈ ಡ್ರಾಯರಿಗೆ ಬಿದ್ದು, ಆಮೇಲೆ ನಿಧಾನವಾಗಿ ದೊಡ್ಡ ಉಗ್ರಾಣಕ್ಕೆ ಹೋಗುತ್ತದೆ. ಹಳೆಯ ಕ್ರಮದಲ್ಲಿ ಮೇಜಿನ ಜೊತೆಗೇ ಡ್ರಾಯರೂ ಹೋಗುತ್ತಿತ್ತು. ಹಾಗಾಗಿ ಕೆಲಸವಿಲ್ಲದ ಸರ್ವರನ್ನೂ, ಡ್ರಾಯರ್ ಖಾಲಿಯಾಗಲೆಂದು, ಒಂದು ಗಂಟೆ ಸುಮ್ಮನೆ ನಿಲ್ಲಿಸಿಕೊಳ್ಳಬೇಕಿತ್ತು. ಅತ್ತಿಗೆಗೆ ಇದನ್ನು ಬದಲಿಸಲು ಹೇಳಿದರು. ಡಿಸ್ಕ್ ದೊಡ್ಡದಾಗಬೇಕು, ಸರ್ವರ್ ಹೋದರೂ ಅದು ಉಳಿಯಬೇಕು. ಬೇರೊಂದು ಸರ್ವರ್ ಬಂದು ಉಳಿದದ್ದನ್ನು ಉಗ್ರಾಣಕ್ಕೆ ಸಾಗಿಸಿ ಆಮೇಲೆ ಡಿಸ್ಕನ್ನು ಎಸೆಯುತ್ತದೆ.

ಹುಟ್ಟುವ ಸರ್ವರ್ ಹೇಗಿರಬೇಕೆಂದು ಬರೆದಿಟ್ಟ ನಮೂನೆಗೆ ಟೆಂಪ್ಲೇಟ್ ಎನ್ನುತ್ತಾರೆ, ದರ್ಜಿಯ ಹತ್ತಿರ ಇರುವ ಅಳತೆ ಕಾಗದದ ಹಾಗೆ. ಅತ್ತಿಗೆ ಅದನ್ನು ತಿದ್ದಿ ಎರಡನೇ ನಂಬರಿನ ಕಾಗದ ಮಾಡಿದರು. ಅದರಿಂದ ತಾವೇ ಒಂದು ಸರ್ವರ್ ಹುಟ್ಟಿಸಿ, ತಾವೇ ಮುಗಿಸಿ ನೋಡಿದರು. ಡಿಸ್ಕ್ ಉಳಿಯಿತು.

ಆಗ ಬಂದದ್ದು ಹೂಂ. ಅವರಿಗೆ ಕೆಲಸ ಕಲಿಸುವ ಹಿರಿಯರೊಬ್ಬರಿದ್ದಾರೆ. ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ಗಡ್ಡದವರು ಎನ್ನುತ್ತೇವೆ, ವೀಡಿಯೊ ಕಾಲ್‌ನಲ್ಲಿ ಕಂಡದ್ದು ಹೆಚ್ಚಾಗಿ ಅದೇ. ಅವರು ಚಹಾದ ಲೋಟ ಹಿಡಿದು ಹೋಗುತ್ತ ಹೋಗುತ್ತ, ಸರ್ವರ್‌ಗಳನ್ನು ತಾನೇ ಹೆಚ್ಚು ಕಡಿಮೆ ಮಾಡುವ ಪ್ರೋಗ್ರಾಂ ಒಂದನೇ ನಂಬರಿನ ಕಾಗದವನ್ನೇ ಹಿಡಿದು ಕೂತಿರುತ್ತದೆ, ಅದಕ್ಕೆ ಬೇರೆಯಾಗಿ ಹೇಳಬೇಕು, ಗೊತ್ತಲ್ಲ, ಎಂದರು. ಅತ್ತಿಗೆ ತಲೆ ಆಡಿಸಿ ಹೂಂ ಅಂದರು. ಗೊತ್ತಿರಲಿಲ್ಲ. ಆ ವಾರ ಗಡ್ಡದವರನ್ನು ಅವರು ಆಗಲೇ ಒಂಬತ್ತು ಪ್ರಶ್ನೆ ಕೇಳಿದ್ದರು. ಹತ್ತನೆಯದಕ್ಕೆ ನಾಚಿಕೆ ಅಡ್ಡ ಬಂತು.

ಹೀಗೆ ಅಳತೆ ಕಾಗದ ಹೊಸದಾಯಿತು, ದರ್ಜಿ ಮಾತ್ರ ಹಳೆಯದನ್ನು ನೋಡಿಕೊಂಡೇ ಬಟ್ಟೆ ಕತ್ತರಿಸುತ್ತಿದ್ದ. ಗಡ್ಡದವರು ಆ ಹೂಂ ನಂಬಿ, ಡಿಸ್ಕ್ ಉಳಿಯುತ್ತದಲ್ಲ ಇನ್ನೇಕೆ ಕಾಯುವುದು ಎಂದು, ಒಂದು ಗಂಟೆ ಇದ್ದದ್ದನ್ನು ಐದು ನಿಮಿಷಕ್ಕೆ ಇಳಿಸಿದರು.

ಹನ್ನೊಂದು ದಿನ ಏನೂ ಸದ್ದಾಗಲಿಲ್ಲ. ಬಹಳಷ್ಟು ಚಿತ್ರಗಳು ಐದೇ ನಿಮಿಷದಲ್ಲಿ ಉಗ್ರಾಣ ಸೇರುತ್ತಿದ್ದವು. ಕೊನೆಗಳಿಗೆಯಲ್ಲಿ ಬಂದವು ಮಾತ್ರ ಡಿಸ್ಕಿನೊಂದಿಗೆ ಹೋಗುತ್ತಿದ್ದವು. ಅತ್ತಿಗೆ ದಿನಾ ಬೆಳಿಗ್ಗೆ, ಸರ್ವರ್ ಹೋದ ಮೇಲೆ ಉಳಿದ ಡಿಸ್ಕುಗಳ ಪಟ್ಟಿ ತೆಗೆದು ನೋಡುತ್ತಿದ್ದರು. ಪಟ್ಟಿ ದಿನವೂ ಖಾಲಿ. ಸಾಗಿಸುವ ಸರ್ವರ್ ಬಹಳ ಚುರುಕು ಎಂದುಕೊಂಡರು.

“ಹತ್ತೊಂಬತ್ತು ವರ್ಷ ಸ್ಟೋರ್ ನೋಡ್ಕೊಂಡವಳು ನಾನು. ಖಾಲಿ ರ‍್ಯಾಕ್ ನೋಡಿ, ಎಷ್ಟು ಚೊಕ್ಕಟವಾಗಿದೆ ಅಂದ್ಕೊಂಡೆ” ಎಂದು ಆಮೇಲೆ ನನಗೆ ಹೇಳಿದರು. ಮಿಲ್ಲಿನಲ್ಲಾಗಿದ್ದರೆ ಅವರಿಗೆ ಮೊದಲು ಕಳ್ಳನ ನೆನಪಾಗುತ್ತಿತ್ತು.

ಬುಧವಾರ ಒಂದು ಕ್ಲಿನಿಕ್ಕಿನಿಂದ ಫೋನ್ ಬಂತು. ಕಟಿಂಗ್ ಅಂಗಡಿಯವರೊಬ್ಬರ ಮಣಿಕಟ್ಟಿನ ಎಕ್ಸ್‌ರೇ ಕಾಣುತ್ತಿಲ್ಲ. ಕಾರಣ ಹುಡುಕಲು ಅತ್ತಿಗೆಗೆ ಅರ್ಧ ಗಂಟೆ ಹಿಡಿಯಿತು, ಸರಿಪಡಿಸಲು ಅರ್ಧ ನಿಮಿಷ. ಒಂದು ಎಂದಿದ್ದಲ್ಲಿ ಎರಡು ಎಂದು ಬರೆದರು, ಅಷ್ಟೇ. ಹೋದ ಚಿತ್ರಗಳು ನಲವತ್ತೊಂದು. ಕ್ಲಿನಿಕ್ಕಿನ ಯಂತ್ರಗಳು ಒಂದು ವಾರದ ನಕಲು ಇಟ್ಟುಕೊಂಡಿರುತ್ತವೆ. ಅದರಿಂದ ಮೂವತ್ತೈದು ವಾಪಸ್ ಬಂದವು. ಆರು ಬರಲಿಲ್ಲ.

ಗುರುವಾರ ಅವರು ಕ್ಲಿನಿಕ್ಕುಗಳನ್ನು ಕೇಳಿಕೊಂಡು ಆ ಆರು ಜನಕ್ಕೂ ನಮ್ಮ ಮೇಜಿನಿಂದಲೇ ಫೋನ್ ಮಾಡಿದರು. ಮಾಡು ಎಂದು ಯಾರೂ ಹೇಳಿರಲಿಲ್ಲ. ನಾನು ಮಗಳಿಗೆ ಊಟ ಮಾಡಿಸುತ್ತಿದ್ದೆ.

“ಕೈ ಕಳೆದುಹೋಯ್ತಾ ಅತ್ತೆ?” ಎಂದಳು ಮಗಳು.

“ಕೈ ಇದೆ. ಕೈಯ ಫೋಟೋ ಹೋಯ್ತು.”

“ಹಾಗಾದ್ರೆ ಇನ್ನೊಂದು ತೆಗೀರಿ.”

ಕಟಿಂಗ್ ಅಂಗಡಿಯವರೂ ಅದನ್ನೇ ಹೇಳಿದರು. ಇನ್ನು ನಾಲ್ವರು ಗೊಣಗಿ ಒಪ್ಪಿದರು. ಆರನೆಯವರು ಒಬ್ಬ ಅಜ್ಜಿ. ಮೆಟ್ಟಿಲಿನಿಂದ ಬಿದ್ದ ದಿನ ತೆಗೆಸಿದ ಮೊಣಕೈ ಚಿತ್ರ ಅದು. ಮೂಳೆ ನೆಟ್ಟಗೆ ಕೂಡುತ್ತಿದೆಯೇ ಎಂದು ಹೋಲಿಸಿ ನೋಡಲು ಡಾಕ್ಟರಿಗೆ ಅದೇ ಬೇಕಿತ್ತು. ಇವತ್ತು ತೆಗೆದರೆ ಇವತ್ತಿನ ಮೂಳೆ ಬರುತ್ತದೆ, ಬಿದ್ದ ದಿನದ ಮೂಳೆ ಬರುವುದಿಲ್ಲ. ಅತ್ತಿಗೆ ಹತ್ತು ನಿಮಿಷ ವಿವರಿಸಿದರು. ಆ ಕಡೆಯಿಂದ ಹೂಂ, ಹೂಂ ಎಂದು ಕೇಳುತ್ತಿತ್ತು. ಕೊನೆಗೆ ಅಜ್ಜಿ, ಆಯ್ತಮ್ಮ, ನೀವು ಹೇಳಿದ ಮೇಲೆ ಸರಿ, ಎಂದು ಫೋನ್ ಇಟ್ಟರು.

ಅತ್ತಿಗೆ ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು.

“ಅವರಿಗೆ ಒಂದಕ್ಷರ ಗೊತ್ತಾಗ್ಲಿಲ್ಲ. ಆ ಹೂಂ ನನಗೆ ಗೊತ್ತು. ನಾನು ಅಂದದ್ದೂ ಅದನ್ನೇ.”

ಅಲ್ಲಿಗೆ ಅವರ ಕತ್ತು ನಿಂತಿತು. ಗೊತ್ತಾಗದ ಯಾವುದಕ್ಕೂ ತಲೆ ಆಡಿಸುವುದಿಲ್ಲ ಎಂದು ತೀರ್ಮಾನಿಸಿದರು. ಆಮೇಲೆ ನೋಡಿದರೆ ಆಡಿಸುವ ಸಂದರ್ಭಗಳೇ ಕಡಿಮೆ. ತರಕಾರಿಯವನು ಬೆಲೆ ಯಾಕೆ ಏರಿತು ಎಂದು ಹೇಳಲು ಹೊರಟು ನಡುವೆಯೇ ತಡವರಿಸಿದ. ನಮ್ಮವರು ಊಟಕ್ಕೆ ಕೂತು ಆಫೀಸಿನ ರಾಜಕೀಯ ಹೇಳುತ್ತಿದ್ದವರು, ಅಕ್ಕ ಕಣ್ಣು ಮಿಟುಕಿಸದೆ ನೋಡುತ್ತಿದ್ದರೆ ನಾನು ಹೇಳುವುದು ನನಗೇ ಸುಳ್ಳು ಅನಿಸುತ್ತದೆ ಎಂದು ತಟ್ಟೆ ಎತ್ತಿಕೊಂಡು ಹೋದರು.

ಸೋಮವಾರ ಆಫೀಸಿನಲ್ಲಿ ಈ ವಿಷಯಕ್ಕೇ ಮೀಟಿಂಗ್ ಇತ್ತು. ಮೂರು ತಿಂಗಳು ಮುಗಿಯಲು ಉಳಿದದ್ದು ಎರಡು ವಾರ. ಭಾನುವಾರ ಗಡ್ಡದವರು ಫೋನ್ ಮಾಡಿ, ವರದಿಯಲ್ಲಿ ‘ತಾಂತ್ರಿಕ ಕಾರಣ’ ಎಂದು ಬರೆಯುತ್ತೇನೆ, ಯಾರೂ ಕೆದಕುವುದಿಲ್ಲ, ನೀವು ಸುಮ್ಮನಿದ್ದರೆ ಸಾಕು ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

“ಅದು ಯಾವ ಕಾರಣ?” ಎಂದು ಅತ್ತಿಗೆ ಕೇಳಿದರು. ಗಡ್ಡದವರು ನಾಳೆ ಸಿಗೋಣ ಎಂದು ಫೋನ್ ಇಟ್ಟರು.

ಸೋಮವಾರ ಬೆಳಿಗ್ಗೆ ಅವರು ಚೀಲ ತುಂಬುವಾಗ ನಾನು ಅಲ್ಲೇ ಇದ್ದೆ. ಲ್ಯಾಪ್‌ಟಾಪ್, ಚಾರ್ಜರ್, ಗುರುತಿನ ಚೀಟಿ. ಜೊತೆಗೆ ಒಂದು ಹಾಳೆ. ಲ್ಯಾಪ್‌ಟಾಪ್ ಒಂದು, ಚಾರ್ಜರ್ ಒಂದು, ಗುರುತಿನ ಚೀಟಿ ಒಂದು, ವಾಪಸ್ ಪಡೆದುಕೊಂಡಿದ್ದೇವೆ ಎಂದು ಬರೆದು, ಕೆಳಗೆ ಸಹಿಗೆ ಜಾಗ ಬಿಟ್ಟಿದ್ದರು. ಈ ಸಲ ರಸೀದಿ ಮೊದಲೇ ತಯಾರಿತ್ತು. ನಾನು ಊಟದ ಡಬ್ಬಿ ಕೈಗೆ ಕೊಟ್ಟೆ.

ಸಂಜೆ ಚೀಲ ಅಷ್ಟೇ ಭಾರವಾಗಿ ವಾಪಸ್ ಬಂತು. ಚೀಲ ಇಳಿಸಿದಾಗ ಆದ ಸದ್ದಿನಿಂದಲೇ ನನಗೆ ಲ್ಯಾಪ್‌ಟಾಪ್ ಒಳಗಿದೆಯೆಂದು ತಿಳಿಯಿತು. ಮೀಟಿಂಗಿನಲ್ಲಿ ಅತ್ತಿಗೆ, ‘ಗೊತ್ತಾ ಎಂದು ಕೇಳಿದರು, ಗೊತ್ತಿರಲಿಲ್ಲ, ಹೂಂ ಅಂದೆ’ ಎಂದು ಮೂರು ಮಾತಿನಲ್ಲಿ ಮುಗಿಸಿದರಂತೆ. ಆಮೇಲೆ ಗಡ್ಡದವರು, ನಾಲ್ಕು ವರ್ಷದ ಹಿಂದೆ ಇದೇ ಮಾತನ್ನು ಯಾರೋ ತಮಗೆ ಹೇಳಿದಾಗ ತಾವೂ ಹೂಂ ಅಂದಿದ್ದಾಗಿಯೂ, ಅದರ ಅರ್ಥ ತಮಗೆ ಬೇರೊಂದು ಅನಾಹುತದಿಂದ ತಿಳಿದದ್ದಾಗಿಯೂ ಹೇಳಿದರಂತೆ. ಎಲ್ಲರಿಗಿಂತ ಮೇಲಿನ ಮೇಡಂ ತಲೆ ಆಡಿಸದೆ ಕೇಳಿಸಿಕೊಂಡರಂತೆ.

ತೀರ್ಪು ಹೀಗಾಯಿತು. ಕಾಯಂ ಇಲ್ಲ, ತೆಗೆಯುವುದೂ ಇಲ್ಲ, ಇನ್ನು ಮೂರು ತಿಂಗಳು ನೋಡುತ್ತಾರೆ. ಆರು ಜನಕ್ಕೆ ಕಂಪನಿಯಿಂದ ಒಂದು ಪತ್ರ ಹೋಗಬೇಕು. ತಾಂತ್ರಿಕ ಕಾರಣಗಳಿಂದ ಎಂದು ಶುರುವಾಗುವ ಪತ್ರ ಸಿದ್ಧವಾಗಿಯೇ ಇತ್ತು. ಅತ್ತಿಗೆ ಅದನ್ನು ಓದಿ, ನಾನು ಬರೆಯಲೇ ಎಂದು ಕೇಳಿದರು. ಮೇಡಂ ಒಪ್ಪಿದರು, ಒಂದು ಷರತ್ತಿನ ಮೇಲೆ. ಈ ಕೆಲಸದ ಗಂಧಗಾಳಿ ಇಲ್ಲದವರೊಬ್ಬರಿಗೆ ಅದು ಮೊದಲಿಂದ ಕೊನೆಯವರೆಗೆ ತಿಳಿಯಬೇಕು. ಇಲ್ಲವಾದರೆ ಬುಧವಾರ ಹಳೆಯದೇ ಹೋಗುತ್ತದೆ.

ಇವತ್ತು ಮಂಗಳವಾರ. ಮಧ್ಯಾಹ್ನ ಮಗಳನ್ನು ಮಲಗಿಸಿ ಬಟ್ಟೆ ಮಡಿಸುತ್ತಿದ್ದೆ. ಅತ್ತಿಗೆ ಮಹಡಿಯಿಂದ ಇಳಿದು ಬಂದು, ಮಡಿಸಿಟ್ಟ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ, ಒಂದೂವರೆ ಹಾಳೆ ಪತ್ರವನ್ನೂ ಚೂಪು ಮಾಡಿದ ಪೆನ್ಸಿಲನ್ನೂ ನನ್ನ ಮುಂದೆ ಇಟ್ಟರು. ಅಜ್ಜಿಗೆ ಬರೆದದ್ದು. ಮೊದಲ ಸಾಲು ‘ನಿಮ್ಮ ಮೊಣಕೈ ಚಿತ್ರವನ್ನು ಕಳೆದವಳು ನಾನು’ ಎಂದಿತ್ತು.

“ನಿನ್ನಿಂದ ಒಂದು ಉಪಕಾರ ಆಗ್ಬೇಕು” ಎಂದರು. “ಇದನ್ನ ಓದು. ಎಲ್ಲಿ ಗೊತ್ತಾಗಲ್ವೋ ಅಲ್ಲಿ ಗೆರೆ ಎಳಿ, ಎಷ್ಟು ಗೆರೆ ಆದ್ರೂ ಪರವಾಗಿಲ್ಲ, ಮತ್ತೆ ಬರೀತೀನಿ. ಆದ್ರೆ ಅತ್ತಿಗೆ ಬೇಜಾರು ಮಾಡ್ಕೋತಾರೆ ಅಂತ ತಲೆ ಮಾತ್ರ ಆಡಿಸ್ಬೇಡ.”