ಆಮೆಯ ಬಾಣಂತನ

ಕಡಲಾಮೆಯ ಅಧ್ಯಯನಕ್ಕೆಂದು ಕುಕನೂರಿನಿಂದ ಹೊರಟ ಪ್ರಥಮ ಪುರುಷ ನಾನೇ ಇರಬೇಕು. ಎರಡನೆಯವನು ಹೊರಟ ಸುದ್ದಿ ಈವರೆಗೆ ಬಂದಿಲ್ಲ. 1997ರಲ್ಲಿ ಹೊನ್ನಾವರದ ಕಡೆಯ ದಂಡೆಯಲ್ಲಿ ಆಮೆಯ ಗೂಡು ಕಾಯುವ ಸಂಶೋಧನೆಗೆ ಸೇರಿದಾಗ, ಓಣಿಯ ಹಿರಿಯರು ಕಟ್ಟೆಯ ಮೇಲೆ ಸಭೆ ಕೂಡಿ, "ಆಮಿ ಕಾಯಾಕ ಪಗಾರ ಕೊಡತಾರಂದ್ರ ದೇಶ ಭಾಳ ಮುಂದ ಹೋಗೈತಿ ಬಿಡ್ರಿ" ಎಂದು ಠರಾವು ಪಾಸು ಮಾಡಿದರು.

ನನ್ನ ಕೆಲಸವನ್ನು ನಂಬಿದವಳು ಅಕ್ಕ ಒಬ್ಬಳೇ. ಅವ್ವ ತೀರಿದ ಮೇಲೆ ನನ್ನನ್ನು ಬೆಳೆಸಿದವಳು, ನನ್ನ ಮೆಟ್ರಿಕ್ ಮುಗಿಯುವ ತನಕ ಲಗ್ನ ಒಲ್ಲೆನೆಂದು ಕೂತವಳು. ಆಮೇಲೆ ಹೈವೇ ಪಕ್ಕದ ಹಿಟ್ನಾಳಕ್ಕೆ ಕೊಟ್ಟರು. ತಾಯಿ ಆಮೆ ಮರಳಲ್ಲಿ ಮೊಟ್ಟೆಯಿಟ್ಟು ಕಡಲಿಗೆ ಹೋಗಿಬಿಡುತ್ತದೆ, ಮರಿಗಳ ಮುಖ ನೋಡುವುದಿಲ್ಲ ಎಂದು ವಿವರಿಸಿದಾಗ ಅವಳಿಗೆ ವಿಜ್ಞಾನದ ಮೇಲೆಯೇ ಸಿಟ್ಟು ಬಂತು.

"ಬಾಣಂತಿಗಿ ಯಾರೂ ಏನೂ ತಿನ್ನಾಕ ಕೊಡಂಗಿಲ್ಲೇನ?"

"ಯಕ್ಕಾ, ಅದು ಆಮಿ."

"ಆಮಿ ಆದ್ರ ನಡಾ ನೋಯಂಗಿಲ್ಲೇನೋ?"

ಮರುದಿನ ಹೊರಟಾಗ ಚೀಲದಲ್ಲಿ ಒಂದು ಡಬ್ಬಿ ಅಂಟಿನುಂಡಿ, ಬಾಣಂತಿಯ ನಡ ಗಟ್ಟಿಯಾಗಲೆಂದು ಕೊಡುವಂಥವು: ಒಣಕೊಬ್ಬರಿ, ಉತ್ತತ್ತಿ, ತುಪ್ಪ, ಯಾವುದಕ್ಕೂ ಕೊರತೆಯಿಲ್ಲ. "ನಿನಗಲ್ಲ ಇವು. ಮುಟ್ಟಿದ್ರ ನೋಡು" ಎಂದು ಎಚ್ಚರಿಕೆ ಬೇರೆ. ಶಿಬಿರದಲ್ಲಿ ನಾವು ಸಂಶೋಧಕರು ಬಾಣಂತಿಯ ಪರವಾಗಿ ಅವನ್ನು ಭಕ್ತಿಯಿಂದ ಸ್ವೀಕರಿಸಿದೆವು. ಅಂದಿನಿಂದ ಪ್ರತಿವರ್ಷ ಡಬ್ಬಿ ಬಂತು. ಅದರಿಂದ ನಮ್ಮ ಸೊಂಟಗಳು ಗಟ್ಟಿಯಾದವು.

ಮರಿಗಳು ಕಡಲಿಗಿಳಿಯುವುದನ್ನು ಒಮ್ಮೆ ನೋಡಬೇಕು ಎಂಬುದು ಅವಳ ಒಂದೇ ಆಸೆ. ಆದರೆ ಮರಿಗಳು ಹೊರಬರುವ ಕಾಲಕ್ಕೇ ನಮ್ಮೂರ ಕಡೆ ಬಿಳಿಜೋಳದ ಸುಗ್ಗಿ. "ನಿಮ್ಮ ಆಮಿಗೆ ಶ್ರಾವಣದಾಗ ಹಡಿಯಾಕ ಏನು ಧಾಡಿ?" ಎಂದು ಪ್ರತಿವರ್ಷ ಬೈದು, ಪ್ರತಿವರ್ಷ ಕುಡಗೋಲು ಹಿಡಿದು ಹೊಲಕ್ಕೆ ಹೋಗುತ್ತಿದ್ದಳು.

ಹೀಗೇ ವರ್ಷಗಳು ಹೋದವು. ಕಡೆಗೆ ಅವಳ ಹೃದಯ ಸೋತಿದೆಯೆಂದೂ ಹೊಲದ ಕೆಲಸ ಬಂದ್ ಎಂದೂ ಕೊಪ್ಪಳದ ಡಾಕ್ಟರು ಹೇಳಿದರು. ಅಕ್ಕ ಅದನ್ನು ರಜೆ ಮಂಜೂರಾದಂತೆ ಕೇಳಿಸಿಕೊಂಡಳು. "ಛಲೋ ಆತು. ಈ ಸಲ ಖಾಲಿ ಅದೀನಿ, ಬರತೀನಿ."

ಬುಧವಾರದ ಬಸ್ಸಿಗೆ ಅವಳ ಗಂಡ, ನಮ್ಮ ಮಾವ, ಕರೆತರುವುದೆಂದು ನಿಶ್ಚಯವಾಯಿತು. ನಾನು ಮುಂದಾಗಿ ಹೋದೆ. ಸೋಮವಾರ ಬೆಳಕು ಹರಿಯುವಾಗ ಒಂದು ಗೂಡಿನ ಮರಳು ಕುಸಿದು ಮರಿಗಳು ಮೇಲೆ ಬಂದವು. ಅಷ್ಟು ವರ್ಷಗಳಲ್ಲಿ ನಮ್ಮ ಕೈಗೂ ಮೊಬೈಲು ಬಂದಿತ್ತು. ಅಕ್ಕನಿಗೆ ಫೋನು ಹಚ್ಚಿ, ತೆರೆಗಳ ಕಡೆ ಹಿಡಿದೆ.

"ಲಾರಿ ಹೋದಂಗ ಕೇಳತೈತಲ್ಲೋ."

"ಅದ ಸಮುದ್ರ, ಯಕ್ಕಾ."

"ಹಂಗಾರ ಹೈವೇದ ಮ್ಯಾಲ ಕುಂತು ನಾ ದಿನಾ ಕೇಳೀನಿ ಬಿಡು." ಆಮೇಲೆ ಕೇಳಿದಳು: "ಮರಿಗೋಳು?"

"ಹೊಂಟಾವ."

"ತಡೀರಿ ಅನ್ನು ಅವಕ್ಕ. ಬುಧವಾರ ಬರಾಕ್ಹತ್ತೀನಿ."

"ಇನ್ನೊಂದು ಗೂಡು ಐತಿ. ಅದು ನಿನಗ."

ಮಂಗಳವಾರ ಮಧ್ಯಾಹ್ನ ಮಾವನ ಫೋನು ಬಂತು. "ತಮ್ಮಾ, ನಿಮ್ಮಕ್ಕ ಹೋದಳು." ಫೋನಿಡುವ ಮುನ್ನ ಇನ್ನೊಂದು ಮಾತು: "ಸೀರಿ ತಗೊಂಡು ಬಾ."

ನಮ್ಮ ಕಡೆ ಮುತ್ತೈದೆ ತೀರಿದರೆ ತವರಿನ ಹಸಿರು ಸೀರೆ ಬಂದು ಉಡಿಸಿದ ಮೇಲೆಯೇ ಹೆಣ ಎತ್ತುವುದು. ಅಕ್ಕನಿಗೆ ತವರೆಂದರೆ ನಾನೊಬ್ಬ. ನಾನು ಬರುವ ತನಕ ಅವಳು ಅಲ್ಲಿ ಕಾಯಬೇಕು.

ಬುಧವಾರ ಬೆಳಗ್ಗೆ ಕೊಪ್ಪಳದಲ್ಲಿ ಇಳಿದಾಗ ಒಂದೇ ಸೀರೆ ಅಂಗಡಿ ಬಾಗಿಲು ತೆರೆದಿತ್ತು. ಅಂಗಡಿಯವನು ಊದುಬತ್ತಿ ಹಚ್ಚುತ್ತಿದ್ದ.

"ಬರ್ರಿ ಸರ, ಬೋಣಿಗಿ ನಿಮ್ಮದ. ಯಾರಿಗ್ರಿ?"

"ಅಕ್ಕಗ. ಹಸರು ಬೇಕು."

"ಅಕ್ಕಾರು ಕೆಂಪಗ ಅದಾರೋ, ಸಾದಗಪ್ಪೋ?"

"ಸಾದಗಪ್ಪು."

"ಹಂಗಾರ ಇದ ನೋಡ್ರಿ, ಕೆಂಪು ಅಂಚಿಂದು. ಅವರಿಗಿ ಎದ್ದು ಕಾಣತೈತಿ." ಸೆರಗು ಬಿಚ್ಚಿ ತನ್ನ ಹೆಗಲ ಮೇಲೆ ಹೊದ್ದು ತೋರಿಸಿದ. "ಎಷ್ಟು ಒಗದ್ರೂ ಬಣ್ಣ ಬಿಡಂಗಿಲ್ಲ, ಗ್ಯಾರಂಟಿ. ಬಿಟ್ರ ಅಕ್ಕಾರನ್ನ ಕರಕೊಂಡ ಬರ್ರಿ, ಬದಲಿ ಕೊಡತೀನಿ."

"ಆಗಲಿರಿ" ಎಂದೆ. ದಿನದ ಮೊದಲ ಗಿರಾಕಿ; ಬೋಣಿಗೆಯ ಹೊತ್ತಿನಲ್ಲಿ ಅವನ ಅಂಗಡಿಯಲ್ಲಿ ನಿಂತು ಅಳುವಂತಿರಲಿಲ್ಲ. ಬಸ್ ಸ್ಟ್ಯಾಂಡಿನ ತನಕ ತಡೆದುಕೊಂಡೆ.