ಕೆಂಪು ದಾರದ ಬೀಟರ್

ಬೇಕರಿ ಮಾಮನ ಬಲಗೈಯಲ್ಲಿ ಮೊಣಕೈವರೆಗೆ ಒಂದು ರೋಮವೂ ಇರಲಿಲ್ಲ. ದಿನವೂ ಭಟ್ಟಿಯೊಳಗೆ ಕೈ ಹಾಕಿ ಹಾಕಿ ಎಲ್ಲ ಸುಟ್ಟುಹೋಗಿತ್ತು. ಎಡಗೈ ಮಾತ್ರ ಕರಡಿಯದು. "ಎರಡು ಕೈ ಇಬ್ಬರದಾ ಮಾಮ?" ಎಂದು ನಾನು ರೇಗಿಸಿದರೆ, "ದುಡಿಯುವುದು ಒಂದೇ ಅಕ್ಕ, ಇನ್ನೊಂದು ಸುಮ್ಮನೆ ಜೊತೆಗೆ ಉಂಟು" ಎನ್ನುತ್ತಿದ್ದರು.

ಉಡುಪಿ ಕಡೆಯವರು. ಚೆಂಬೂರಿನಲ್ಲಿ ನಮ್ಮ ಬಿಲ್ಡಿಂಗಿನ ಎದುರಿಗೇ ಅವರ ಬೇಕರಿ. ಮೊಟ್ಟೆ ಹಾಕಿದ ಕೇಕು, ಹಾಕದ ಕೇಕು ಎರಡನ್ನೂ ಮಾಡುತ್ತಿದ್ದರು. ಹಾಕದ್ದಕ್ಕೆ ಬೇರೆಯೇ ಪಾತ್ರೆ, ಕೆನೆ ಕಡೆಯಲು ಬೇರೆಯೇ ತಂತಿಯ ಬೀಟರ್. ಗುರುತು ತಪ್ಪಬಾರದೆಂದು ಅದರ ಹಿಡಿಗೆ ಕೆಂಪು ದಾರ ಸುತ್ತಿದ್ದರು.

ಆದರೂ ಒಮ್ಮೆ ತಪ್ಪಿತು, ಅದೂ ನನ್ನ ಮಗಳ ಐದನೇ ಹುಟ್ಟುಹಬ್ಬದ ದಿನವೇ. ಮನೆಯಲ್ಲಿ ನಾವೆಲ್ಲ ತಿಂದರೂ ನನ್ನ ಅತ್ತೆ ಮೊಟ್ಟೆ ಮುಟ್ಟುವವರಲ್ಲ. ಜನ್ಮದಲ್ಲಿ ಕೇಕು ತಿಂದವರಲ್ಲ. 'ಅಜ್ಜಿಗೇ ಮೊದಲ ತುಂಡು' ಎಂದು ಮಗಳು ವಾರದಿಂದ ಹಟ ಹಿಡಿದಿದ್ದಳು. ಕೊನೆಗೂ ಒಪ್ಪಿದ ಅತ್ತೆ, ಕೇಕು ತರಲು ನನ್ನ ಜೊತೆ ತಾವೇ ಬಂದರು. ಡಬ್ಬದೊಳಗೆ ಇಣುಕಿ, "ಇದರಲ್ಲಿ ಮೊಟ್ಟೆ ಇಲ್ಲ ಅಲ್ವಾ?" ಎಂದು ಕೇಳಿದರು. ಮಾಮನ ಮುಖ ಪೆಚ್ಚಾಯಿತು. ಏನೋ ಎಡವಟ್ಟಾಗಿದೆಯೆಂದು ನನಗೆ ತಿಳಿಯಿತು. ಅತ್ತೆಯ ಬೆನ್ನ ಹಿಂದೆ ನಿಂತು, 'ಇಲ್ಲ ಅನ್ನಿ' ಎಂದು ಕಣ್ಸನ್ನೆ ಮಾಡಿದೆ.

"ಮೊಟ್ಟೆ ಹಾಕಲಿಲ್ಲ ಅಮ್ಮ. ಆದ್ರೆ ದಾರದ ಬೀಟರನ್ನು ಬೆಳಿಗ್ಗೆ ಯಾರೋ ಮೊಟ್ಟೆಗೆ ಹಾಕಿದ್ದಾರೆ. ನನಗೆ ಈಗಷ್ಟೇ ಗೊತ್ತಾದ್ದು. ನಿಮಗೆ ಇದು ಆಗುವುದಿಲ್ಲ. ನಾನು ಕೊಡುವುದಿಲ್ಲ" ಎಂದರು ಮಾಮ.

ಆ ಸಂಜೆ ಮಕ್ಕಳೆಲ್ಲ ಅದೇ ಕೇಕು ತಿಂದರು, ಅತ್ತೆ ಬಾಳೆಹಣ್ಣು ತಿಂದರು, ಮಗಳು ಅತ್ತಳು. ಒಂದು ಸುಳ್ಳು ಹೇಳಿದ್ದರೆ ಮಾಮನ ಗಂಟೇನು ಹೋಗುತ್ತಿತ್ತು ಎಂದು ನನಗೆ ಮೈಯೆಲ್ಲ ಉರಿಯಿತು. ಒಂದು ತಿಂಗಳು ಪಕ್ಕದ ಗಲ್ಲಿಯಿಂದ ಬ್ರೆಡ್ ತಂದೆ. ಅತ್ತೆ ಮಾತ್ರ ಮರುದಿನದಿಂದಲೇ ಮಾಮನ ಟೋಸ್ಟನ್ನು ಚಹಾಕ್ಕೆ ಅದ್ದತೊಡಗಿದರು. "ಆ ಮನುಷ್ಯ ಇಲ್ಲ ಅಂದ್ರೆ ಇಲ್ಲ, ಉಂಟು ಅಂದ್ರೆ ಉಂಟು" ಎಂದರು. ಕೇಕಿನ ಮಾತು ಬಂದರೆ ಮೊಮ್ಮಗಳ ಗಲ್ಲ ಹಿಂಡಿ, "ಇನ್ನು ನಿನ್ನ ಮದುವೆಗೇ ತಿನ್ನುವುದು" ಎನ್ನುತ್ತಿದ್ದರು.

ಮಗಳು ಅದನ್ನು ಮರೆಯಲಿಲ್ಲ. ನಾಲ್ಕು ವರ್ಷದ ಹಿಂದೆ ಅವಳ ಮದುವೆ ಗೊತ್ತಾಯಿತು. ಅಲಿಬಾಗಿನ ಸಮುದ್ರದಂಡೆಯಲ್ಲಿ, ಡೆಸ್ಟಿನೇಷನ್ ವೆಡ್ಡಿಂಗ್ ಅಂತೆ. ಮುಂಬಯಿಯ ಸಮುದ್ರ ಇವಳಿಗೆ ಸಾಲದಾಯಿತು. ಬೇಕರಿಗೆ ಹೋಗಿ ಮೊಬೈಲಿನಲ್ಲಿದ್ದ ಕೇಕಿನ ಫೋಟೋ ಚಾಚಿದಳು: "ಅಂಕಲ್, ಐಸಾ ಹೀ ಬೇಕು. ವೈಟ್, ಮೂರು ಫ್ಲೋರ್. ಔರ್ ಅಜ್ಜಿ ತಿನ್ನಬೇಕು, ಪಕ್ಕಾ. ಅವರು ಪ್ರಾಮಿಸ್ ಮಾಡಿದ್ದಾರೆ."

ಮರುದಿನ ಮಾಮ ಮೂರು ತುಂಡುಗಳ ಡಬ್ಬ ಕೊಟ್ಟರು. "ಇಲ್ಲಿ ತಿನ್ನಬಾರದು. ಲೋಕಲ್ ರೈಲಿನಲ್ಲಿ ವಿ.ಟಿ. ಸ್ಟೇಷನ್ನಿಗೆ ಹೋಗಿ ವಾಪಸ್ ಬನ್ನಿ. ಆಮೇಲೆ ತಿಂದು ಹೇಳಿ."

ಹೋಗಿ ಬಂದೆವು, ನೂಕುನುಗ್ಗಲಿನ ಗರ್ದಿಯಲ್ಲಿ ಡಬ್ಬವನ್ನು ತಲೆಯ ಮೇಲೆತ್ತಿ ಹಿಡಿದುಕೊಂಡು. ಪೈನಾಪಲ್ಲಿನ ಕೆನೆ ಮುಚ್ಚಳಕ್ಕೆ ಮೆತ್ತಿತ್ತು, ಚಾಕಲೇಟು ಮೂಲೆಗೆ ಜಾರಿತ್ತು. ಖರ್ಜೂರ, ಗೋಡಂಬಿಯದು ಮಾತ್ರ ಇಟ್ಟಂತೆ ಕೂತಿತ್ತು. ಮಗಳು ಅದನ್ನೇ ತಿಂದು ಬೆರಳು ಚೀಪಿದಳು.

"ಸಮುದ್ರ ದಾಟುವುದು ಇದೇ. ಬಿಳಿ ಕೆನೆ ಅಲ್ಲಿಯೇ ಹಚ್ಚುವ" ಎಂದರು ಮಾಮ.

"ಅಲ್ಲಿ ಹಚ್ಚುವವರು ಯಾರು?"

"ನಾನೇ ಬರ್ತೇನೆ ಅಕ್ಕ. ರಿಸಾರ್ಟಿನ ಬೀಟರ್ ಯಾವುದಕ್ಕೆಲ್ಲ ಬಿದ್ದಿದೆಯೋ!"

ಗೇಟ್‌ವೇ ಆಫ್ ಇಂಡಿಯಾದಿಂದ ಲಾಂಚ್ ದೋಣಿ ಹತ್ತಿದೆವು. ಮೂರು ಅಂತಸ್ತು, ಮೂರು ಡಬ್ಬ, ಮೂರು ಮಡಿಲು: ಮಾಮನದು, ನನ್ನದು, ಅತ್ತೆಯದು. ಅಲೆಗೆ ಲಾಂಚ್ ಎದ್ದಾಗಲೆಲ್ಲ ಅತ್ತೆ ದೇವರ ಹೆಸರು ಹೇಳುತ್ತ ಡಬ್ಬವನ್ನು ಅಪ್ಪಿಕೊಳ್ಳುತ್ತಿದ್ದರು. ರಿಸಾರ್ಟಿನ ಅಡುಗೆಮನೆಯಲ್ಲಿ ಕೆನೆ ಕಡೆಯುವ ಮಿಷನ್ ಇತ್ತು. ಮಾಮ ಅದರತ್ತ ನೋಡಲೂ ಇಲ್ಲ. ಬಟ್ಟೆಯಲ್ಲಿ ಸುತ್ತಿ ತಂದಿದ್ದ ಕೆಂಪು ದಾರದ ಹೊಸ ಬೀಟರ್ ತೆಗೆದು, ಎಪ್ಪತ್ತರ ಆ ವಯಸ್ಸಿನಲ್ಲಿ, ಕೈಯಲ್ಲೇ ಕಡೆದರು.

ಮಗಳು ಮೊದಲ ತುಂಡನ್ನು ಅಜ್ಜಿಯ ಬಾಯಿಯ ಹತ್ತಿರ ತಂದಳು. ಅತ್ತೆ ತಲೆ ಹಿಂದಕ್ಕೆ ಎಳೆದು, ಎಲ್ಲರ ನಡುವೆ ಮಾಮನನ್ನು ಹುಡುಕಿದರು. "ಮೊಟ್ಟೆ?"

"ಇಲ್ಲ ಅಮ್ಮ."

ಅತ್ತೆ ಬಾಯಿ ತೆರೆದರು. ಅಗಿದರು, ನುಂಗಿದರು. "ಇಷ್ಟೇನಾ? ಇದಕ್ಕೆ ಇಷ್ಟು ವರ್ಷ ಗಲಾಟೆಯಾ!" ಎಂದು, ಇನ್ನೊಂದು ತುಂಡಿಗೆ ತಟ್ಟೆ ಚಾಚಿದರು. ಮಗಳು ನಗುತ್ತಲೇ ಅತ್ತಳು. ಮಾಮ ಆ ಬೋಳು ಕೈಯಿಂದ ಕಣ್ಣೊರೆಸಿಕೊಂಡರು. ಅಂದು ನನಗಾದಷ್ಟು ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಕಳೆದ ವರ್ಷ ಮಾಮ ತೀರಿಕೊಂಡರು. ಬೇಕರಿಯಲ್ಲಿ ಈಗ ಎಲ್ಲದಕ್ಕೂ ಮಿಷನ್. ದಾರದ ಬೀಟರನ್ನು ಅವರ ಹೆಂಡತಿ ನನಗೆ ಕೊಟ್ಟರು.

ಹೋದ ತಿಂಗಳು ಅತ್ತೆಯ ಹುಟ್ಟುಹಬ್ಬಕ್ಕೆ ಆ ಬೀಟರಿನಲ್ಲೇ ಕಡೆದು ಮನೆಯಲ್ಲಿ ಕೇಕು ಮಾಡಿದೆ. ಚೆನ್ನಾಗಿ ಉಬ್ಬಿತ್ತು. ಮೇಜಿನ ಮೇಲೆ ಇಡುವಾಗ ನೆನಪಾಯಿತು: ಹಿಟ್ಟು ಕಲಸಿದ್ದು ನನ್ನ ಗಂಡನ ಆಮ್ಲೆಟಿನ ಬಟ್ಟಲಲ್ಲಿ. ಅತ್ತೆ ಚಾಕು ಹಿಡಿದು ಕೂತಿದ್ದರು.

"ಮೊಟ್ಟೆ ಇಲ್ಲ ಅಲ್ವಾ?"

ಈ ಸಲ ಕಣ್ಸನ್ನೆ ಮಾಡುವವರು ಯಾರೂ ಇರಲಿಲ್ಲ. ಇದ್ದಿದ್ದರೂ ನನ್ನ ಬಾಯಿಂದ ಬರುತ್ತಿದ್ದುದು ಮಾಮನ ಮಾತೇ.

"ಬಟ್ಟಲು ತಪ್ಪಿದೆ ಅತ್ತೆ. ನಿಮಗೆ ಇದು ಆಗುವುದಿಲ್ಲ. ನಾನು ಕೊಡುವುದಿಲ್ಲ."

ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಚಾಕು ಕೆಳಗಿಟ್ಟು, "ನಾಳೆ ಇನ್ನೊಂದು ಮಾಡು, ತಿನ್ನುವ" ಎಂದು ಬಾಳೆಹಣ್ಣು ಸುಲಿಯತೊಡಗಿದರು.